ಗೋ ಭಾಷೆಯಲ್ಲಿ ಹಣ ಉಂಟು, ಸಾಲ ಇಲ್ಲ!

ತಲೆಬರಹ ನೋಡಿ ಇದೇನೋ ಷೇರು ಮಾರುಕಟ್ಟೆ ಪುರಾಣ ಅಂದುಕೊಳ್ಳಬೇಡಿ. ನಾನು ಹೇಳುತ್ತಿರುವುದು ಗೂಗಲ್‌ನವರು 2009ರಲ್ಲಿ ಹೊರಗೆ ಬಿಟ್ಟ 'ಗೋ' ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಷಯ. ಅದರಲ್ಲಿ ವೇರಿಯಬಲ್‌ಗೆ 'ಹಣ' ಎಂದು ಕನ್ನಡದಲ್ಲೇ ಹೆಸರಿಡಬಹುದು, ಕಂಪೈಲರ್ ಒಪ್ಪುತ್ತದೆ. 'ಸಾಲ' ಎಂದು ಇಟ್ಟು ನೋಡಿ, ಒಪ್ಪುವುದಿಲ್ಲ. 'ಜನ' ನಡೆಯುತ್ತದೆ, 'ಊರು' ನಡೆಯುವುದಿಲ್ಲ. 'ಮಗ' ಸರಿ, 'ಮಗಳು' ತಪ್ಪು!

ಯಾಕೆ ಹೀಗೆ? ಗೋ ಭಾಷೆಯ ನಿಯಮದ ಪ್ರಕಾರ ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಇರಬೇಕು. ಯೂನಿಕೋಡ್ ಲೆಕ್ಕದಲ್ಲಿ ಹ, ಣ, ಜ, ನ ಎಲ್ಲ ಅಕ್ಷರಗಳೇ. ಆದರೆ ನಮ್ಮ ಗುಡಿಸು, ಕೊಂಬು, ಏತ್ವ, ಒತ್ತಕ್ಷರ ಮಾಡುವ ವಿರಾಮ ಇವೆಲ್ಲ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟಿಕೊಳ್ಳುವ 'ಗುರುತು'ಗಳು. ಅವಕ್ಕೆ ಒಳಗೆ ಪ್ರವೇಶವಿಲ್ಲ. ಕಾಗುಣಿತವೂ ಇಲ್ಲ, ಒತ್ತಕ್ಷರವೂ ಇಲ್ಲ ಅಂದಮೇಲೆ ಅದೆಂಥ ಕನ್ನಡ ಸ್ವಾಮಿ?

ಹೈದರಾಬಾದಿನಲ್ಲಿ ಕೂತು ನೋಡಿದರೆ ಇದು ಇನ್ನೂ ವಿಚಿತ್ರ. ನಮ್ಮ ಪಕ್ಕದ ತೆಲುಗಿನವರಿಗೂ ಇದೇ ಗತಿ, ಯಾಕೆಂದರೆ ಅವರ ಕಾಗುಣಿತವೂ ನಮ್ಮ ಥರದ್ದೇ. ಉರ್ದು ಪದಗಳು ಮಾತ್ರ ಬಹುಪಾಲು ಸಲೀಸಾಗಿ ಒಳಗೆ ಹೋಗುತ್ತವೆ. ಅಲ್ಲಿ ದೀರ್ಘಸ್ವರಗಳಿಗೆ ಪೂರ್ತಿ ಅಕ್ಷರಗಳೇ ಇವೆ, ಹ್ರಸ್ವದ ಗುರುತುಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಒಂದೇ ಊರಿನ ಮೂರು ಲಿಪಿಗಳಲ್ಲಿ ಒಂದಕ್ಕೆ ಬಾಗಿಲು ತೆರೆದಿದೆ, ಎರಡಕ್ಕೆ ಅರ್ಧ ಮುಚ್ಚಿದೆ. ಯಾರೂ ಬೇಕೆಂದು ಮಾಡಿದ್ದಲ್ಲ. ನಿಯಮ ಬರೆದಾಗ ಕಾಗುಣಿತ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ, ಅಷ್ಟೇ.

ಹಾಗಂತ ಯಾರೂ ಕೇಳಲಿಲ್ಲ ಅಂತಲ್ಲ. ಇದನ್ನು ಸರಿಪಡಿಸುವ ಪ್ರಸ್ತಾವ ಬಂದಿತ್ತು, ಅದರ ಸಂಖ್ಯೆ 20706. 2018ರ ನವೆಂಬರ್‌ನಲ್ಲಿ ಗೋ ತಂಡ 'ಮುಂದಿನ ಹಂತಕ್ಕೆ ಮೊದಲು ಇವನ್ನು ಎತ್ತಿಕೊಳ್ಳೋಣ' ಎಂದು ಆರಿಸಿದ ಕೆಲವೇ ಪ್ರಸ್ತಾವಗಳಲ್ಲಿ ಇದೂ ಒಂದು. ಅದರ ಜೊತೆಗಿದ್ದ ಬೈನರಿ ಅಂಕಿಗಳ ಪ್ರಸ್ತಾವ 2019ರ ಸೆಪ್ಟೆಂಬರ್‌ನ 1.13ನೇ ಆವೃತ್ತಿಯಲ್ಲಿ ಜಾರಿಗೂ ಬಂತು. ನಮ್ಮದು ಹಿಂದೆ ಉಳಿಯಿತು. ಯಾರೋ ವಿರೋಧಿಸಿದ್ದಕ್ಕಲ್ಲ! ಸಮಯಕ್ಕೆ ಸರಿಯಾಗಿ ವಿವರವಾದ ವಿನ್ಯಾಸದ ಕರಡು ತಯಾರಾಗಿರಲಿಲ್ಲ ಎನ್ನುವುದಕ್ಕೆ. ನನ್ನನ್ನು ಚುಚ್ಚಿದ್ದು ಇದೇ.

ಪೈಥಾನ್ ಕಥೆ ಬೇರೆ. ಅಲ್ಲಿ ಹೊಸದೇನಾದರೂ ಬೇಕಿದ್ದರೆ 'ಪೆಪ್' ಎಂಬ ಪ್ರಸ್ತಾವ ಬರೆಯಬೇಕು. ಯಾಕೆ ಬೇಕು, ಹೇಗೆ ಮಾಡುವುದು, ವಿರೋಧಿಗಳು ಏನೆನ್ನುತ್ತಾರೆ, ಎಲ್ಲ ಅದರಲ್ಲಿರಬೇಕು. 2007ರ ಮೇ ತಿಂಗಳಲ್ಲಿ ಜರ್ಮನಿಯ ಮಾರ್ಟಿನ್ ಫಾನ್ ಲೋವಿಸ್ 3131ನೇ ಪೆಪ್ ಬರೆದರು: ಇಂಗ್ಲಿಷೇತರ ಲಿಪಿಗಳಲ್ಲೂ ಹೆಸರಿಡಲು ಬಿಡಿ ಅಂತ. ಜೋರು ಚರ್ಚೆಯೇ ಆಯಿತು. ಓದಲು ಬಾರದ ಲಿಪಿಯ ಕೋಡ್ ಕೈಗೆ ಬಂದರೆ ಏನು ಮಾಡೋದು? ಕೀಬೋರ್ಡಿನಲ್ಲಿ ಒತ್ತೋದು ಹೇಗೆ? ಒಂದೇ ಥರ ಕಾಣುವ ಅಕ್ಷರಗಳಿಂದ ಮೋಸವಾದರೆ? ಕೊನೆಗೆ ಪ್ರಸ್ತಾವ ಗೆದ್ದಿತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ದಿಂದ 'ಸಾಲ', 'ಊರು', 'ಮಗಳು' ಎಲ್ಲವೂ ನಡೆಯುತ್ತವೆ.

ಆ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಮೋಸದ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ 'ಲ' ಮತ್ತು ತೆಲುಗಿನ 'ಲ' ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದರೆ ಇದಕ್ಕೆ ಮದ್ದಿದೆ. 2021ರ ಜೂನ್‌ನಲ್ಲಿ ಈ ಸೌಲಭ್ಯ ಕೊಟ್ಟ ರಸ್ಟ್ ಭಾಷೆ, ಒಂದೇ ಥರ ಕಾಣುವ ಎರಡು ಹೆಸರು ಬಂದರೆ ಎಚ್ಚರಿಸುವ ಏರ್ಪಾಟನ್ನೂ ಜೊತೆಗೇ ಕೊಟ್ಟಿತು. ಇನ್ನು ಓದಲು ಬಾರದ ಕೋಡ್. ಇಪ್ಪತ್ತು ವರ್ಷದಿಂದ ಈ ಊರಿನ ಆಫೀಸುಗಳಲ್ಲಿ ತೆಲುಗರು, ತಮಿಳರು, ಮರಾಠಿಗರ ಜೊತೆ ಕೆಲಸ ಮಾಡಿದವನು ನಾನು. ಅಲ್ಲಿ ಕನ್ನಡದ ಹೆಸರಿಟ್ಟರೆ ಪಕ್ಕದವನಿಗೆ ತಲೆನೋವು, ಒಪ್ಪಿದೆ. ಆದರೆ ಅದು ಆ ತಂಡದ ನಿಯಮವಾಗಬೇಕೇ ಹೊರತು ಭಾಷೆಯ ನಿಯಮವಾಗಬಾರದು. ಪೈಥಾನ್ ಮಾಡಿದ್ದೂ ಅದನ್ನೇ. ತನ್ನ ಸ್ಟ್ಯಾಂಡರ್ಡ್ ಲೈಬ್ರರಿಗೆ ಇಂಗ್ಲಿಷ್ ಲಿಪಿ ಕಡ್ಡಾಯ ಎಂದಿತು, ನಿಮ್ಮ ಮನೆಯಲ್ಲಿ ನಿಮ್ಮಿಷ್ಟ ಎಂದಿತು.

ಯಾರಿಗೆ ಬೇಕು ಇದು ಅಂತೀರಾ? ಬೀದರಿನ ಅಥವಾ ಕಲಬುರಗಿಯ ಕನ್ನಡ ಶಾಲೆಯ ಹುಡುಗಿಗೆ ಬೇಕು. ಅವಳಿಗೆ ಬಡ್ಡಿ ಲೆಕ್ಕ ಗೊತ್ತು: ಅಸಲು, ದರ, ಅವಧಿ. ಅದೇ ಹೆಸರುಗಳಲ್ಲಿ ಮೊದಲ ಪ್ರೋಗ್ರಾಂ ಬರೆದರೆ ಅವಳು ಕಲಿಯಬೇಕಾದ್ದು ಪ್ರೋಗ್ರಾಮಿಂಗ್ ಒಂದೇ, ಅದರ ಜೊತೆ ಇಂಗ್ಲಿಷ್ ಪದಗಳ ಹೊರೆ ಸ್ವಲ್ಪ ಕಡಿಮೆ. ಇಂಗ್ಲಿಷ್ ಆಮೇಲೆ ಹೇಗೂ ಬರುತ್ತದೆ. ಗೋದಲ್ಲಿ ಆ ಮೂರರಲ್ಲಿ ನಡೆಯುವುದು 'ದರ' ಒಂದೇ.

ಪೈಥಾನ್‌ನಲ್ಲೂ ಕೆಲಸ ಪೂರ್ತಿ ಮುಗಿದಿಲ್ಲ. 'ರಾಜ್‌ಕುಮಾರ್' ಎಂದು ಸರಿಯಾಗಿ ಬರೆಯಲು ನಡುವೆ ಕಣ್ಣಿಗೆ ಕಾಣದ, ಒತ್ತಕ್ಷರ ಆಗದಂತೆ ತಡೆಯುವ ಒಂದು ಗುರುತು ಬೇಕು. ಜಾವಾಸ್ಕ್ರಿಪ್ಟ್ 2009ರ ಆವೃತ್ತಿಯಿಂದ ಅದನ್ನು ಹೆಸರಿನೊಳಗೆ ಬಿಟ್ಟುಕೊಂಡಿದೆ, ಪೈಥಾನ್ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಅಣ್ಣಾವ್ರು 'ರಾಜ್ಕುಮಾರ್' ಆಗಬೇಕು, ಇಲ್ಲವೇ ನಡುವೆ ಅಂಡರ್‌ಸ್ಕೋರ್ ಹಾಕಿಸಿಕೊಳ್ಳಬೇಕು! ಕಾಣದ ಗುರುತಿನಿಂದ ಮೋಸ ಮಾಡಬಹುದು ಎಂಬ ಭಯಕ್ಕೂ ಕಾರಣವಿದೆ. ಆದರೆ ವಿರಾಮದ ನಂತರ ಮಾತ್ರ ಬಿಡಿ ಎಂದು ಕಟ್ಟುನಿಟ್ಟಾಗಿ ಕೇಳಬಹುದಲ್ಲ?

ಕೇಳಬೇಕಾದವರು ಯಾರು? 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಈ ಊರು, ಅದಕ್ಕೂ ಮೊದಲಿಂದ ಬೆಂಗಳೂರು, ಬೇರೆಯವರು ಮಾಡಿದ ಭಾಷೆಗಳಲ್ಲಿ ಕೋಡ್ ಬರೆದೇ ಬೆಳೆದವು. ಕಾಗುಣಿತ ಅಂದರೇನು ಅಂತ ಆ ಭಾಷೆ ಮಾಡಿದವರಿಗೆ ಗೊತ್ತಿರಬೇಕಿಲ್ಲ, ನಮಗೆ ಒಂದನೇ ಕ್ಲಾಸಿಂದ ಗೊತ್ತು. ಗೋ ಭಾಷೆಯಲ್ಲಿ ಆಗ ಇಲ್ಲವಾಗಿದ್ದು ಒಪ್ಪಿಗೆಯಲ್ಲ, ಒಂದು ಕರಡು. ಒಬ್ಬ ಕನ್ನಡಿಗ, ಒಬ್ಬ ತೆಲುಗಿನವನು ಒಟ್ಟಿಗೆ ಕೂತರೆ ಕೆಲವು ಶನಿವಾರಗಳ ಕೆಲಸ. ನವೆಂಬರ್ ಒಂದಕ್ಕೆ ಬಾವುಟ ಹಾರಿಸುವುದರ ಜೊತೆಗೆ ಇದನ್ನೂ ಮಾಡೋಣ. ಏನಂತೀರಿ?