ಒಬ್ಬನ ಬರಹ, ಐವರ ಅಂಕ

ಬಸವಕಲ್ಯಾಣ, ಹುಮನಾಬಾದುಗಳ ಕಾಲೇಜುಗಳಲ್ಲಿಯೂ ಈಗ ಗುಂಪು ಸೆಮಿನಾರಿನ ಸಡಗರ. ಒಬ್ಬ ಬರೆಯುತ್ತಾನೆ, ಒಬ್ಬಳು ಓದುತ್ತಾಳೆ, ಮೂವರು ಪಕ್ಕದಲ್ಲಿ ನಿಲ್ಲುತ್ತಾರೆ. ಅಂಕ ಮಾತ್ರ ಐವರಿಗೂ ಸಮ. ಇದನ್ನು ಸಹಕಾರವೆಂದರೆ ಆ ಮಾತಿಗೇ ಅಪಚಾರ.

12ನೆಯ ಶತಮಾನದ ಅನುಭವ ಮಂಟಪವನ್ನು ಹೊಗಳುವವರು ಅಲ್ಲಿನ ರೀತಿಯನ್ನು ಮರೆತಿದ್ದಾರೆ. ‘ಶೂನ್ಯಸಂಪಾದನೆ’ ಚಿತ್ರಿಸುವಂತೆ, ಅಲ್ಲಮನ ಪ್ರಶ್ನೆಗಳನ್ನು ಎದುರಿಸದೆ ಅಕ್ಕಮಹಾದೇವಿಗೂ ಅಲ್ಲಿ ಮನ್ನಣೆಯಿರಲಿಲ್ಲ. ಆ ಗ್ರಂಥವೂ ಒಬ್ಬನದಲ್ಲ: ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದ್ದನ್ನು ಮುಂದೆ ಮೂವರು ತಿದ್ದಿ ಬೆಳೆಸಿದರು.

ಊರಿನ ಬಸ್ಸು ಹಿಡಿಯುವ ಹುಡುಗರಿಗೆ ಕೂಡಿ ಕೂರಲು ಹೊತ್ತೆಲ್ಲಿ ಎನ್ನುವಿರಾ? ತರಗತಿಯ ಒಂದು ಗಂಟೆಯನ್ನು ಅದಕ್ಕೇ ಬಿಡಿ. ಮಂಡನೆ ಮುಗಿದೊಡನೆ, ಸುಮ್ಮನೆ ನಿಂತವನನ್ನೇ ಮೊದಲು ಪ್ರಶ್ನಿಸಿ. ಗೆಳೆಯನ ಬರಹವನ್ನು ಸಮರ್ಥಿಸಲೂ ತಿದ್ದಲೂ ಆಗದವನಿಗೆ ಅಂಕವೇಕೆ?