ಮಣ್ಣಿನ ಚೀಟಿ ಯಾರ ಹೊಲದ್ದು?

ಈಚೆಗೆ ನಮ್ಮ ಪಕ್ಷದ ಸಭೆಯೊಂದರಲ್ಲಿ ಮಣ್ಣು ಪರೀಕ್ಷೆಯ ವಿಷಯ ಬಂದಾಗ ಎಣ್ಣೆ ಮಿಲ್ಲಿನ ಕೆಲಸಗಾರರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಮಣ್ಣು ನೋಡ್ಕೊಳ್ಳೋಕೆ ರೈತರಿದ್ದಾರೆ. ನೀವು ನಮ್ಮ ಕೂಲಿ ಮಾತಾಡಿ" ಎಂದರು. ಅವರು ಕೇಳಿದ್ದು ನ್ಯಾಯವೇ. ಆದರೆ ನಮ್ಮ ಸೀಮೆಯಲ್ಲಿ ಮಣ್ಣಿನ ಮಾತೂ ಕೂಲಿಯ ಮಾತೇ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇವೆ.

ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಕೆಂಪು ಮರಳು ನೆಲದಲ್ಲಿ ರೈತರು ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುತ್ತಾರೆ. ಕಾಯಿ ಗಟ್ಟಿಯಾದರೆ ಮಿಲ್ಲು ತಿರುಗುತ್ತದೆ. ಕಾಯಿ ಜೊಳ್ಳಾದರೆ ಮೂಟೆಯ ತುಂಬ ಸಿಪ್ಪೆಯೇ. ಆಗ ಬೀಜ ಆರಿಸುವ ಹೆಣ್ಣುಮಕ್ಕಳನ್ನು ಮೊದಲು ಮನೆಗೆ ಕಳುಹಿಸುತ್ತಾರೆ, ಆಮೇಲೆ ಹಮಾಲರನ್ನು. ಕೊರಟಗೆರೆಯ ಸಂತೆಯಲ್ಲಿ ಬಟ್ಟೆ ಹರವಿ ಕೂತ ಸಣ್ಣ ವ್ಯಾಪಾರಿಯ ಸಾಲದ ಪುಸ್ತಕವೂ ಬೆಳೆಯುತ್ತದೆ. ಮಿಲ್ಲುಗಳು ಸೊರಗಲು ೧೯೯೪ರ ನಂತರ ಬಾಗಿಲು ತೆರೆದು ತರಿಸಿಕೊಂಡ ಪರದೇಶದ ತಾಳೆ ಎಣ್ಣೆಯೂ ಕಾರಣ. ಅದರ ವಿರುದ್ಧದ ಹೋರಾಟ ಬೇರೆ. ಅದನ್ನು ಬಿಡುವವರು ನಾವಲ್ಲ. ಆದರೆ ಕಾಯಿಯೇ ಜೊಳ್ಳಾದಾಗ ಯಾರೊಡನೆ ಹೋರಾಡುವುದು?

ಕಾಯಿ ಏಕೆ ಜೊಳ್ಳಾಗುತ್ತದೆ? ಮಳೆ ಕೈಕೊಟ್ಟರೆ ಆಗುತ್ತದೆ, ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಕಡಲೆ ಗಿಡದ ಹೂವು ಉದುರಿದ ಮೇಲೆ ಸೂಜಿಯಂಥ ಮೊನೆ ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿಗೆ ಬೇಕಾದ ಸುಣ್ಣದ ಅಂಶ ಬೇರಿನಿಂದ ಬರುವುದಿಲ್ಲ. ಬೇರು ಹೀರಿದ್ದು ಎಲೆಗೆ ಹೋಗುತ್ತದೆ, ಕೆಳಗಿನ ಕಾಯಿಗೆ ಹಿಂದಿರುಗುವುದಿಲ್ಲ. ಕಾಯಿ ತನ್ನ ಸುತ್ತಲಿನ ನಾಲ್ಕು ಬೆರಳು ಮಣ್ಣಿನಿಂದಲೇ ಅದನ್ನು ನೇರವಾಗಿ ಹೀರಬೇಕು, ಆ ಮಣ್ಣಿನಲ್ಲಿ ತೇವವೂ ಇರಬೇಕು. ಆದುದರಿಂದಲೇ ಮೊನೆ ಇಳಿಯುವ ಹೊತ್ತಿಗೆ ಎಕರೆಗೆ ೨೦೦ ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು. ಜಿಪ್ಸಂನಲ್ಲಿ ಸುಣ್ಣದ ಅಂಶವೂ ಗಂಧಕವೂ ಎರಡೂ ಇವೆ.

ಈಗ ಗಿಡದ ರಸ ಪರೀಕ್ಷೆಯ ಮಾತು ಕೇಳಿಬರುತ್ತಿದೆ. ಎಲೆಯ ತೊಟ್ಟನ್ನು ಹಿಂಡಿ, ಒಂದು ತೊಟ್ಟು ರಸವನ್ನು ಯಂತ್ರದ ಮೇಲಿಟ್ಟರೆ ಗಿಡದಲ್ಲಿ ಸಾರಜನಕ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಅದು ಹೇಳುತ್ತದೆ. ದ್ರಾಕ್ಷಿ ಬೆಳೆಯುವ ಅನುಕೂಲಸ್ಥರು ತೊಟ್ಟಿನ ಪರೀಕ್ಷೆ ಮಾಡಿಸುವುದು ಹೊಸದೇನಲ್ಲ. ಬಯೋಡೈನಾಮಿಕ್ ಕೃಷಿಯವರದು ಇನ್ನೊಂದು ದಾರಿ. ೧೯೨೪ರಲ್ಲಿ ರುಡಾಲ್ಫ್ ಸ್ಟೈನರ್ ಎಂಬ ಚಿಂತಕರು ಮಾಡಿದ ಎಂಟು ಉಪನ್ಯಾಸಗಳಿಂದ ಹುಟ್ಟಿದ ಪದ್ಧತಿ ಅದು. ಆ ಪಂಥದ ಫೈಫರ್ ಎಂಬವರು ಮಣ್ಣಿನ ಸಾರವನ್ನು ಬೆಳ್ಳಿಯ ಲವಣ ಹಚ್ಚಿದ ದುಂಡು ಕಾಗದದ ಮೇಲೆ ಹರಡಿಸಿ, ಮೂಡುವ ಬಣ್ಣ ಗೆರೆಗಳಿಂದ ಮಣ್ಣಿನ ಜೀವವನ್ನು ಓದುವ ಕ್ರಮ ಮಾಡಿದರು. ಈ ಚಿತ್ರ ಕಣ್ಣು ತೆರೆಸೀತು. ಆದರೆ ಎಕರೆಗೆ ಎಷ್ಟು ಕಿಲೋ ಏನು ಹಾಕಬೇಕೆಂದು ಹೇಳಲಾರದು. ಕೊಂಬಿನ ಗೊಬ್ಬರ, ಗ್ರಹಗತಿಗಳ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಆದರೆ ಮಣ್ಣು ಸತ್ತ ಸರಕಲ್ಲ, ಮಣ್ಣನ್ನೂ ಗಿಡವನ್ನೂ ಕೂಡಿಸಿ ನೋಡಬೇಕು ಎಂಬ ಮಾತನ್ನು ಒಪ್ಪುತ್ತೇವೆ. ಕಡಲೆಕಾಯಿಯೇ ಇದಕ್ಕೆ ಸಾಕ್ಷಿ: ಎಲೆಯ ರಸ ಚೆನ್ನಾಗಿದೆಯೆಂದು ಯಂತ್ರ ಹೇಳುತ್ತಿರುವಾಗಲೇ ಮಣ್ಣಿನೊಳಗೆ ಕಾಯಿ ಜೊಳ್ಳಾಗಿರಬಹುದು.

ಹಾಗಾದರೆ ಸರ್ಕಾರ ಮಾಡಿದ್ದೇನು? ೨೦೦೯ರಲ್ಲಿ ಭೂಚೇತನ ಯೋಜನೆ ಮೊದಲು ಆರಂಭವಾದ ಆರು ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಒಂದು. ಗಂಧಕ, ಸತು, ಬೋರಾನ್ ಮೂರೂ ಕೊರತೆ ಎಂಬುದು ಆಗ ಹೊರಬಿತ್ತು. ಅದು ಒಳ್ಳೆಯ ಕೆಲಸ, ಹೊಗಳಲು ನಮಗೆ ಸಂಕೋಚವಿಲ್ಲ. ೨೦೧೫ರಲ್ಲಿ ಕೇಂದ್ರದವರು ಮಣ್ಣು ಆರೋಗ್ಯ ಚೀಟಿ ತಂದರು. ಅದರಲ್ಲಿ ೧೨ ಅಂಶಗಳ ಲೆಕ್ಕವಿದೆ. ಆದರೆ ಮಾದರಿ ತೆಗೆಯಲು ಹಾಕಿದ ನಿಯಮ ನೋಡಿ: ನೀರಾವರಿ ನೆಲದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ನೆಲದಲ್ಲಿ ೧೦ ಹೆಕ್ಟೇರಿಗೆ ಒಂದು! ಹತ್ತು ಹೆಕ್ಟೇರೆಂದರೆ ೨೫ ಎಕರೆ. ಎರಡು ಮೂರು ಎಕರೆಯ ಹತ್ತು ಸಂಸಾರಗಳಿಗೆ ಒಂದೇ ಹಿಡಿ ಮಣ್ಣು. ದಿಬ್ಬದ ಹೊಲಕ್ಕೂ ಹಳ್ಳದ ದಂಡೆಯ ಹೊಲಕ್ಕೂ ಒಂದೇ ಉತ್ತರ. ಬಾವಿಯಿದ್ದವನಿಗೆ ಹೆಚ್ಚು ಲಕ್ಷ್ಯ, ಮುಗಿಲು ನೋಡುವವನಿಗೆ ಕಡಿಮೆ. ಊರಿನಲ್ಲಿ ಒಬ್ಬನಿಗೆ ಜ್ವರ ನೋಡಿ ಬೀದಿಗೆಲ್ಲ ಔಷಧ ಬರೆದರೆ ಅದನ್ನು ವೈದ್ಯವೆನ್ನುತ್ತೇವೆಯೆ?

ಸರಿಯಾದ ಚೀಟಿಯೇ ಬಂತೆನ್ನಿ, ಅದರಂತೆ ನಡೆಯಲು ದುಡ್ಡು ಬೇಡವೆ? ೨೦೧೦ರಲ್ಲಿ ರಸಗೊಬ್ಬರದ ಸಹಾಯಧನದ ಕ್ರಮ ಬದಲಾದಾಗ ಯೂರಿಯಾ ಒಂದನ್ನು ಹಳೆಯ ಹಿಡಿತದಲ್ಲೇ ಉಳಿಸಿ ಮಿಕ್ಕವುಗಳ ಬೆಲೆ ಸಡಿಲ ಬಿಟ್ಟರು. ೪೫ ಕಿಲೋ ಯೂರಿಯಾ ಚೀಲಕ್ಕೆ ೨೬೬ ರೂಪಾಯಿ ೫೦ ಪೈಸೆ. ೫೦ ಕಿಲೋ ಡಿ.ಎ.ಪಿ.ಗೆ ೧,೩೫೦ ರೂಪಾಯಿ. ಬಡವನ ಕೈ ಯಾವುದಕ್ಕೆ ಹೋಗುತ್ತದೆ? ಕಡಲೆ ಗಿಡದ ಬೇರಿನ ಗಂಟುಗಳು ತಾವೇ ಗಾಳಿಯಿಂದ ಸಾರಜನಕ ಹಿಡಿಯುತ್ತವೆ. ಅದಕ್ಕೆ ಯೂರಿಯಾ ಬೇಕಾದದ್ದು ತೀರ ಸ್ವಲ್ಪ. ಆದರೂ ಅಗ್ಗವಾದದ್ದನ್ನೇ ಹೊಲಕ್ಕೆ ಸುರಿಯುವಂತೆ ಬೆಲೆ ಕಟ್ಟಿ, ಆಮೇಲೆ ರೈತನಿಗೆ ತಿಳಿವಳಿಕೆಯಿಲ್ಲ ಎನ್ನುತ್ತಾರೆ.

ನಮ್ಮ ಬೇಡಿಕೆ ಇಷ್ಟು. ಒಂದು, ಪ್ರತಿಯೊಂದು ಹಿಡುವಳಿಯ ಮಣ್ಣನ್ನೂ ಒಡೆಯನ ಎದುರಿನಲ್ಲೇ, ಹೊಲದ ಎಂಟು ಹತ್ತು ಕಡೆ ಗೇಣುದ್ದ ಅಗೆದು ತೆಗೆಯಬೇಕು. ಎರಡು, ಫಲಿತಾಂಶವನ್ನು ಬಿತ್ತನೆಗೆ ಮುಂಚೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಮೂರು, ಚೀಟಿಯೊಡನೆಯೇ ಜಿಪ್ಸಂ, ಸತು, ಬೋರಾನ್ ರೈತ ಸಂಪರ್ಕ ಕೇಂದ್ರದಲ್ಲಿ ಹಾಗೂ ಸಹಕಾರ ಸಂಘದಲ್ಲಿ ಅಗ್ಗದ ದರಕ್ಕೆ ಸಿಗಬೇಕು. ಚೀಟಿ ಇಂದು, ಜಿಪ್ಸಂ ಸುಗ್ಗಿಯ ಮೇಲೆ ಎಂದಾಗಬಾರದು. ನಾಲ್ಕು, ಹಳ್ಳಿಯ ಪ್ರೌಢಶಾಲೆಗಳಲ್ಲಿ ಮಣ್ಣು ನೋಡುವ ಪಾಠ ನಡೆಯಬೇಕು. ಕಡಲೆ ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪಗಿದ್ದಲ್ಲಿ ಗಂಟು ಕೆಲಸ ಮಾಡುತ್ತಿದೆ, ಬೆಳ್ಳಗೋ ಹಸಿರೋ ಆಗಿದ್ದಲ್ಲಿ ಮಾಡುತ್ತಿಲ್ಲ. ಇದಕ್ಕೆ ಯಂತ್ರ ಬೇಡ, ಕಾಸೂ ಬೇಡ. ಎಂಟನೇ ತರಗತಿಯ ಹುಡುಗಿ ಮಾಡಿ ತೋರಿಸಬಲ್ಲಳು.

ಸಭೆಯಲ್ಲಿ ಕೇಳಿದ ಆ ಮಿಲ್ಲಿನ ಸಂಗಾತಿಗೆ ನಮ್ಮ ಉತ್ತರ ಇದು: ನಿಮ್ಮ ಕೂಲಿಯ ಮಾತನ್ನು ಮಾಲೀಕರ ಮುಂದೆ ಆಡುತ್ತೇವೆ, ಬಿಡುವುದಿಲ್ಲ. ಆದರೆ ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಹಳ್ಳಿಯ ಅಣ್ಣತಮ್ಮಂದಿರು "ಈ ಚೀಟಿ ಯಾರ ಹೊಲದ್ದು?" ಎಂದು ಕೇಳುವಾಗ ನೀವೂ ಅವರ ಪಕ್ಕದಲ್ಲಿ ನಿಂತು ಕೇಳಬೇಕು. ಕಾಯಿ ತುಂಬಿದರೇ ಮಿಲ್ಲಿನಲ್ಲಿ ಕೂಲಿ.