ಸಣ್ಣ ವೃತ್ತದಲ್ಲಿ ಸುತ್ತುವ ಕುದುರೆ: ಹಿಂಸೆಯೋ, ವ್ಯಾಯಾಮವೋ?

ಸವಾರನೊಬ್ಬ ಕುದುರೆಯನ್ನು ಒಂದು ಹಜಾರದಷ್ಟು ಜಾಗದಲ್ಲೇ ಸುತ್ತಿಸುತ್ತಿರುವ ಹದಿನೈದು ಸೆಕೆಂಡಿನ ವಿಡಿಯೊ ನಿಮ್ಮ ಫೋನಿಗೆ ಬಂದಿದೆ ಎಂದುಕೊಳ್ಳಿ. ಕೆಳಗೆ ‘ಮೂಕಪ್ರಾಣಿಗೆ ಹಿಂಸೆ, ಎಲ್ಲರಿಗೂ ಕಳಿಸಿ’ ಎಂದಿರಬಹುದು. ಅಥವಾ ‘ಎಂಥಾ ತರಬೇತಿ ನೋಡಿ’ ಎಂಬ ಹೊಗಳಿಕೆ ಇರಬಹುದು. ವೃತ್ತ ಸಣ್ಣದು ಎಂಬ ಒಂದೇ ಕಾರಣಕ್ಕೆ ಇವೆರಡರಲ್ಲಿ ಯಾವುದನ್ನೂ ನಂಬುವಂತಿಲ್ಲ.

ಇದು ಡ್ರೆಸಾಜ್ ಎಂಬ ಸವಾರಿ ಕಲೆಯ ಹಳೆಯ ವ್ಯಾಯಾಮ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡ ಚಿನ್ನ ಗೆದ್ದದ್ದು ಇದರಲ್ಲೇ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಈವೆಂಟಿಂಗ್‌ನ ಮೊದಲ ಹಂತವೂ ಇದೇ. ಇಲ್ಲಿ ರೇಸ್ ಇಲ್ಲ, ಅಡೆತಡೆ ಹಾರುವುದಿಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಸವಾರನ ಸೂಚನೆಗೆ ಕುದುರೆ ಎಷ್ಟು ಹದವಾಗಿ ನಡೆಯುತ್ತದೆ ಎಂಬುದಕ್ಕೆ ಅಂಕ. ಹೊಸ ಕುದುರೆಗೆ ಅಂಕಣದ ಅಗಲದಷ್ಟೇ, ಅಂದರೆ 20 ಮೀಟರ್ ವ್ಯಾಸದ ವೃತ್ತ. ಪಳಗಿದಂತೆ ಅದು 15, ಆಮೇಲೆ 10 ಮೀಟರಿಗೆ ಇಳಿಯುತ್ತದೆ. 10 ಮೀಟರ್ ಅಥವಾ ಅದಕ್ಕಿಂತ ಸಣ್ಣ ವೃತ್ತಕ್ಕೆ ‘ವೋಲ್ಟ್’ ಎಂದು ಹೆಸರು. 8 ಮೀಟರಿನ ವೋಲ್ಟ್ ಬರುವುದು ಮೇಲಿನ ದರ್ಜೆಯ ಪರೀಕ್ಷೆಗಳಲ್ಲಿ. ಅಲ್ಲಿಗೆ ತಲುಪಲು ವರ್ಷಗಟ್ಟಲೆ ಬೇಕು.

ಸುತ್ತಿಸುವುದಾದರೂ ಏಕೆ? ನಮ್ಮಲ್ಲಿ ಎಡಗೈಯವರು, ಬಲಗೈಯವರು ಇರುವಂತೆ ಕುದುರೆಗೂ ಒಂದು ಬದಿ ಸಲೀಸು, ಇನ್ನೊಂದು ಬದಿ ಬಿಗಿ. ವೃತ್ತದಲ್ಲಿ ನಡೆಯುವಾಗ ಒಳಬದಿಯ ಹಿಂಗಾಲು ಹೊಟ್ಟೆಯಡಿಗೆ ಇನ್ನಷ್ಟು ಮುಂದೆ ಬಂದು ಭಾರ ಹೊರಬೇಕು, ಹೊರಬದಿಯ ಸ್ನಾಯುಗಳು ಹಿಗ್ಗಬೇಕು. ಎರಡೂ ಕಡೆ ತಿರುಗಲು ಕಲಿಯಲಿ ಎಂದು ಎಂಟರ ಆಕಾರದಲ್ಲಿ ನಡೆಸುವುದನ್ನು ಪ್ರಾಚೀನ ಗ್ರೀಸಿನ ಕ್ಸೆನೊಫನ್ ಆಗಲೇ ಬರೆದಿಟ್ಟಿದ್ದ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್ ಸಣ್ಣ ವೃತ್ತವನ್ನೇ ತರಬೇತಿಯ ತಿರುಳಾಗಿಸಿದರು. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಗೆರಿನಿಯೆರ್ ಇದಕ್ಕೆ ತಕರಾರು ತೆಗೆದರು: ಹಾಗೆ ಸುತ್ತಿಸಿದರೆ ಭಾರ ಮುಂಗಾಲಿಗೇ ಬೀಳುತ್ತದೆ. ಅವರು ಅದೇ ಬಾಗುವಿಕೆಯನ್ನು ಗೋಡೆಯ ಪಕ್ಕದ ನೇರ ದಾರಿಗೆ ತಂದರು. ಸಣ್ಣ ವೃತ್ತ ಎಷ್ಟು ಒಳ್ಳೆಯದು ಎಂಬ ಜಗಳ ಫೋನಿಗಿಂತ ಬಹಳ ಹಳೆಯದು!

ತಿರುವಿನಲ್ಲಿ ಬೈಕ್ ವಾಲಿಸುವವರಿಗೆ ಇದರ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಕುದುರೆ ಟ್ರಾಟ್ ಎಂಬ ಕುಲುಕು ನಡಿಗೆಯಲ್ಲಿ ಸೆಕೆಂಡಿಗೆ 3.5 ಮೀಟರ್ ಸಾಗುತ್ತಿದೆ ಎನ್ನಿ. 20 ಮೀಟರ್ ವೃತ್ತದಲ್ಲಿ ಸಮತೋಲಕ್ಕೆ ಅದು ಸುಮಾರು 7 ಡಿಗ್ರಿ ವಾಲಬೇಕು, 10 ಮೀಟರ್ ವೃತ್ತದಲ್ಲಿ 14 ಡಿಗ್ರಿ. ವೇಗವನ್ನು 2.5 ಮೀಟರಿಗೆ ತಗ್ಗಿಸಿದರೆ ಸಣ್ಣ ವೃತ್ತದಲ್ಲೂ 7 ಡಿಗ್ರಿ ಸಾಕು. ಪಳಗಿದ ಕುದುರೆ ಮಾಡುವುದು ಇದನ್ನೇ: ಹೆಜ್ಜೆ ಚಿಕ್ಕದು, ಲಯ ಅದೇ. ಅದೇ 10 ಮೀಟರಿನಲ್ಲಿ ಸೆಕೆಂಡಿಗೆ 8 ಮೀಟರ್ ಓಡಿಸಿದರೆ 50 ಡಿಗ್ರಿಗೂ ಹೆಚ್ಚು ವಾಲಬೇಕಾಗುತ್ತದೆ, ಗೊರಸು ಜಾರುತ್ತದೆ. ‘ಹದ್ದು ಮೀರಿ ಓಡುವ ಕುದುರೆಯನ್ನು ತಟ್ಟನೆ ಸಣ್ಣ ಸುತ್ತಿಗೆ ಎಳೆಯಿರಿ’ ಎಂಬ ಸಲಹೆ ಅಪಾಯಕಾರಿ ಎನ್ನುವುದು ಇದಕ್ಕೇ. ದೊಡ್ಡ ಸುತ್ತಿನಿಂದ ನಿಧಾನಕ್ಕೆ ಕಿರಿದು ಮಾಡಬೇಕು.

ಇನ್ನು ಕಾಲಿನ ವಿಷಯ. ಕುದುರೆಯ ಕಾಲಿನ ಕೆಳಭಾಗದ ಕೀಲುಗಳು ಬಾಗಿಲಿನ ತಿರುಗಣೆಯಂತೆ ಮುಖ್ಯವಾಗಿ ಹಿಂದೆ ಮುಂದೆ ಮಡಚುತ್ತವೆ, ಪಕ್ಕಕ್ಕೆ ತಿರುಚಿಕೊಳ್ಳುವುದು ತೀರ ಕಡಿಮೆ. ವೃತ್ತ ಕಿರಿದಾದಷ್ಟೂ ಗೊರಸಿನ ಒಂದು ಅಂಚಿಗೆ ಹೊರೆ ಹೆಚ್ಚು. ನೇರ ನಡಿಗೆಯಲ್ಲಿ ಕಾಣದ ಕುಂಟು ಸುತ್ತುವಾಗ ಕಾಣಬಹುದು ಎಂದೇ ಪಶುವೈದ್ಯರು ಕುದುರೆಯನ್ನು ವೃತ್ತದಲ್ಲಿ ಓಡಿಸಿ ನೋಡುತ್ತಾರೆ. ಆದರೆ ಆರೋಗ್ಯವಂತ ಕುದುರೆಯ ಹೆಜ್ಜೆಯೂ ವೃತ್ತದಲ್ಲಿ ಸ್ವಲ್ಪ ಏರುಪೇರಾಗುತ್ತದೆ. ಹಾಗಾಗಿ ‘ಕುಂಟುತ್ತಿದೆ ನೋಡಿ’ ಎಂದು ವಿಡಿಯೊ ನೋಡಿಯೇ ತೀರ್ಪು ಕೊಡುವುದು ಕಷ್ಟ.

ಗಾಣದೆತ್ತು ಒಂದೇ ದಿಕ್ಕಿಗೆ ದಿನವಿಡೀ ಸುತ್ತುತ್ತದೆ. ಒಳ್ಳೆಯ ಡ್ರೆಸಾಜ್ ಅಭ್ಯಾಸದಲ್ಲಿ ಒಂದೆರಡು ಸುತ್ತು, ಮತ್ತೆ ನೇರ ದಾರಿ, ಆಮೇಲೆ ಇನ್ನೊಂದು ದಿಕ್ಕು. ವಿಡಿಯೊದಲ್ಲಿ ನೋಡಬೇಕಾದದ್ದು ಇಂಥವನ್ನೇ. ನಿಲ್ಲಿಸದೆ ಒಂದೇ ಕಡೆ ಸುತ್ತಿಸುತ್ತಿದ್ದಾರೆಯೇ? ಲಗಾಮು ಜಗ್ಗಿ ತಲೆಯನ್ನು ಎದೆಗೆ ಒತ್ತಿದ್ದಾರೆಯೇ? ಬಾಯಿ ತೆರೆದುಕೊಂಡಿದೆಯೇ? ಬಾಲ ಬಿಡದೆ ಬೀಸುತ್ತಿದೆಯೇ? ಬಲವಂತದಿಂದ ಕತ್ತನ್ನು ಅತಿಯಾಗಿ ಮಡಚುವುದು ಒಪ್ಪತಕ್ಕದ್ದಲ್ಲ ಎಂದು ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವೇ 2010ರಲ್ಲಿ ಹೇಳಿದೆ.

ವಿಡಿಯೊಗಳಿಗೆ ಬೆಲೆಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬ್ರಿಟನ್ನಿನ ಒಲಿಂಪಿಕ್ ಚಾಂಪಿಯನ್ ಷಾರ್ಲೆಟ್ ಡುಜಾರ್ಡಿನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದದ್ದು, ಕುದುರೆಯ ಕಾಲಿಗೆ ಚಾಟಿಯಿಂದ ಮತ್ತೆ ಮತ್ತೆ ಹೊಡೆದ ವಿಡಿಯೊದಿಂದಲೇ. ಒಕ್ಕೂಟ ಅವರನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು. ಸುತ್ತುವ ಕುದುರೆಯನ್ನೆಲ್ಲ ಹಿಂಸೆ ಎಂದು ಕಳಿಸುತ್ತ ಹೋದರೆ, ಇಂಥ ನಿಜವಾದ ಸಾಕ್ಷ್ಯವನ್ನು ಜನ ಇನ್ನೊಂದು ಫಾರ್ವರ್ಡ್ ಎಂದು ಅಳಿಸಿಬಿಡುತ್ತಾರೆ.